ಹೊಂಡದ ನೀರು ಹೋದ ದಾರಿ

ಆ ವರ್ಷ ಸುಹಿದೋಲ್ ಊರಿಗೆ ಬಂದೊದಗಿದ ಸಂಕಟವೆಂದರೆ, ಊರ ಹೊಂಡ ತುಂಬಿ ತುಳುಕುತ್ತಿತ್ತು.

ಬೇರೆ ಸೀಮೆಯವರು ಕೇಳಿದರೆ ನಕ್ಕುಬಿಟ್ಟಾರು. ಇಟಲಿಯ ಗಡಿಗೆ ಅಂಟಿಕೊಂಡಿರುವ ನಮ್ಮ ಕ್ರಾಸ್ ಎಂಬ ಸೀಮೆಯಲ್ಲಿ ಹೊಂಡ ತುಂಬಲಿ ಎಂದು ಪಾದ್ರಿ ಬಾಯಿಬಿಟ್ಟು ಬೇಡಿಕೊಂಡರೆ ಪಾರ್ಟಿ ಕಾರ್ಯದರ್ಶಿ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾನೆ. ಮಳೆಗೇನೂ ಕೊರತೆಯಿಲ್ಲ, ಧಾರಾಳವಾಗಿಯೇ ಬೀಳುತ್ತದೆ. ಆದರೆ ಈ ಸುಣ್ಣಕಲ್ಲಿನ ನೆಲ ಅದನ್ನು ನಮ್ಮ ಕಣ್ಣೆದುರೇ ನುಂಗಿ, ಏನೂ ಆಗದವರ ಹಾಗೆ ಕೂತುಬಿಡುತ್ತದೆ. ಹೊಳೆಯಿಲ್ಲ, ಹಳ್ಳವಿಲ್ಲ. ಮನೆಮನೆಯ ಅಂಗಳದಲ್ಲೊಂದು, ಕಲ್ಲು ಹೊದಿಸಿದ ಚಾವಣಿಯ ನೀರು ಇಳಿಯುವ ಮಳೆತೊಟ್ಟಿ, ಅದು ಬತ್ತಿದರೆ ಚರ್ಚಿನ ಮುಂದಿನ ದೊಡ್ಡ ತೊಟ್ಟಿ, ದನಕ್ಕೆ ಊರ ಮೇಲುಗಡೆ ಜೇಡಿಮಣ್ಣು ಹಾಸಿ ತುಳಿದು ಮಾಡಿದ ಹೊಂಡ. ನಮ್ಮ ಜಲಸಂಪತ್ತು ಇಷ್ಟೆ.

ಜೂನ್ ತಿಂಗಳಿನಲ್ಲಿ ಹೊಂಡದ ನೀರು ಅಂಚು ಮುಟ್ಟಿರುವುದನ್ನು ಊರಿನ ಮುದುಕರು ಕೂಡ ಕಂಡಿರಲಿಲ್ಲ. ಹಾಗೆ ತುಂಬಬಾರದ ವರ್ಷದಲ್ಲೇ ಅದು ತುಂಬಿತ್ತು. ಪಟ್ಟಣದಿಂದ ನೀರಿನ ಪೈಪು ಬರುವುದಿತ್ತು. ಈ ಸಲ ಒಂದೇ ಊರಿಗೆ ಸಾಲುವಷ್ಟು ಪೈಪು ಇದೆ, ಸುಹಿದೋಲ್ ಮತ್ತು ಗ್ರಾಬ್ನೊ ಎರಡರಲ್ಲಿ ಯಾವುದು ಹೆಚ್ಚು ಒಣಗಿದೆಯೋ ಅದಕ್ಕೆ ಮೊದಲು ಎಂದು ಮೇಲಿನವರು ತೀರ್ಮಾನಿಸಿದ್ದರು. ನೋಡಲು ತಂಡವೊಂದು ಬರುವುದಿತ್ತು. ಗ್ರಾಬ್ನೊದ ಹೊಂಡ ಚಳಿಗಾಲದ ಹಿಮಕ್ಕೆ ಸೀಳಿ ಒಂದು ಹನಿಯೂ ಉಳಿದಿರಲಿಲ್ಲ. ಪುಣ್ಯವಂತರು, ಏನು ಹೇಳೋಣ.

ಊರ ಸಮಿತಿಯ ಅಧ್ಯಕ್ಷ ಆಲ್ಬಿನ್‌ಗೆ ಈ ಸುದ್ದಿ ಕೇಳಿ ಊಟ ಸೇರಲಿಲ್ಲ. ಊರಿನ ಮರ್ಯಾದೆಯ ಚಿಂತೆ ಒಂದು ಕಡೆ ಇರಲಿ, ಅವನಿಗೆ ತನ್ನ ಸಂಸಾರದ್ದೇ ದೊಡ್ಡದಾಗಿತ್ತು.

ಅವನ ಹೆಂಡತಿ ಪಾವ್ಲಾ ವಿಪಾವಾ ಕಣಿವೆಯವಳು. ಅಲ್ಲಿ ಬೆಟ್ಟದ ಬುಡದಿಂದ ನದಿಯೇ ಹೊರಗೆ ಬರುತ್ತದೆ. ಅವಳ ತವರಿನ ಹಿತ್ತಿಲಲ್ಲಿ ಹಗಲೂ ರಾತ್ರಿ ತೊರೆ ಹರಿಯುತ್ತಿತ್ತು. ಯುದ್ಧ ಮುಗಿದ ಹೊಸತರಲ್ಲಿ ಆಲ್ಬಿನ್ ಅವಳನ್ನು ಕೇಳಲು ಹೋದಾಗ, "ನಿಮ್ಮೂರಲ್ಲಿ ನೀರಿಲ್ವಂತೆ?" ಎಂದು ಅವಳಮ್ಮ ಕೇಳಿದ್ದಳು. "ಮುಂದಿನ ವರ್ಷ ಪೈಪು ಬರುತ್ತೆ," ಎಂದು ಆಲ್ಬಿನ್ ಎದೆ ಮುಟ್ಟಿಕೊಂಡು ಹೇಳಿದ್ದ. ಆಗ ಅವನಿಗೆ ಹೊಸ ಬೂಟುಗಳಿದ್ದವು, ಮೀಸೆ ಚೆನ್ನಾಗಿತ್ತು, ಅವರು ನಂಬಿದರು. ಆ ಮುಂದಿನ ವರ್ಷ ಹದಿನೆಂಟು ವರ್ಷವಾದರೂ ಬಂದಿರಲಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಗಂಡಸು ವೈನು ಹೊರುತ್ತಾನೆ, ಹೆಂಗಸು ನೀರು ಹೊರುತ್ತಾಳೆ. ಯಾರು ಮಾಡಿದ ಕಾನೂನೋ ಗೊತ್ತಿಲ್ಲ, ಖಂಡಿತ ಹೆಂಗಸರು ಮಾಡಿದ್ದಲ್ಲ. ಪ್ರತಿ ಬೇಸಿಗೆ ಮನೆಯ ತೊಟ್ಟಿ ಬತ್ತಿದ ಮೇಲೆ ಪಾವ್ಲಾ ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಮರದ ಬಾನಿ ಹೊತ್ತು ಚರ್ಚಿನ ತೊಟ್ಟಿಗೂ ಮನೆಗೂ ಓಡಾಡುತ್ತಿದ್ದಳು. ದಾರಿಯಲ್ಲಿ ಲಿಂಡನ್ ಮರದ ಕೆಳಗೆ ಗಂಡಸರೆಲ್ಲ ಕೂತು ನೀರಿನ ಸಮಸ್ಯೆಯನ್ನು ಚರ್ಚಿಸುತ್ತಿದ್ದರು. ಆಲ್ಬಿನ್ ಅಧ್ಯಕ್ಷತೆ ವಹಿಸುತ್ತಿದ್ದ.

ಆ ವಸಂತದಲ್ಲಿ ಒಂದು ದಿನ ಪಾವ್ಲಾ ರೊಟ್ಟಿಯ ಹಿಟ್ಟು ನಾದುತ್ತಾ, "ಈ ವರ್ಷ ನೋಡ್ತೀನಿ. ಇಲ್ಲದಿದ್ರೆ ಹುಲ್ಲು ಕೊಯ್ಲು ಮುಗಿಸಿ ಅಕ್ಕನ ಮನೆಗೆ ಹೋಗ್ತೀನಿ," ಎಂದಳು.

"ಹೋಗಿ ಬಾ. ಎಷ್ಟು ದಿನವಾಯ್ತು ನೀನು ಹೋಗಿ," ಎಂದ ಆಲ್ಬಿನ್.

"ಹೋಗ್ತೀನಿ ಅಂದೆ. ಬರ್ತೀನಿ ಅಂದ್ನಾ?"

ಪಾವ್ಲಾ ಕೂಗಾಡಿದ್ದರೆ ಅವನು ಹೆದರುತ್ತಿರಲಿಲ್ಲ. ಅವಳು ಕೂಗಾಡುವುದು ಕೋಳಿಯ ಮೇಲೆ, ಹಂದಿಯ ಮೇಲೆ, ಮುಖ್ಯವಲ್ಲದ ವಿಷಯಗಳ ಮೇಲೆ. ಈ ಮಾತನ್ನು ಮೆಲ್ಲಗೆ ಹೇಳಿ ಹಿಟ್ಟನ್ನು ಮಗುಚಿ ಹಾಕಿದಳು. ಆಲ್ಬಿನ್ ಹೆದರಿದ. ಅವನಿಗೆ ಅವಳೆಂದರೆ ಪ್ರಾಣ. ಅದನ್ನು ಅವಳಿಗೆ ಹೇಳಿರಲಿಲ್ಲ, ಅಷ್ಟೆ.

ತಂಡ ಬರಲು ಮೂರು ದಿನವಿದೆ ಎನ್ನುವಾಗ ಲಿಂಡನ್ ಮರದ ಕೆಳಗೆ ಸಭೆ ಸೇರಿತು.

"ಹೊಂಡಕ್ಕೆ ಟಾರ್ಪಾಲು ಮುಚ್ಚಿದ್ರೆ?" ಎಂದ ಪಕ್ಕದ ಮನೆಯ ಲುದ್ವಿಕ್. ಅವನು ಹಂದಿ ಕೊಯ್ಯುವವನು, ಊರಿಗೆಲ್ಲ ಬಾಯಾಳಿ.

"ಮುಚ್ಚಿ ಏನಂತ ಹೇಳ್ತೀಯ? ಸಂತೆ ಅಂತಲಾ?" ಎಂದ ಆಲ್ಬಿನ್.

"ಹಾಗಾದ್ರೆ ಬಕೆಟ್ಟಲ್ಲಿ ಎತ್ತಿ ಸುರಿಯೋದು."

"ಯಾರು ಎತ್ತೋರು?" ಎಂದು ಯಾರೋ ಕೇಳಿದರು. ನೀರಿನ ಬಕೆಟ್ಟು ಎಂದಮೇಲೆ ಹೆಂಗಸರನ್ನು ಕರೆಯಬೇಕು. ಹೆಂಗಸರಿಗೆ ಹೇಳಿದರೆ, ಹೊತ್ತು ತರುವುದೇ ಸಾಲದು ಅಂತ ಈಗ ಹೊತ್ತು ಚೆಲ್ಲುವುದೂ ನಮಗೇನಾ ಎಂದು ಕೇಳುತ್ತಾರೆ. ಆ ಯೋಚನೆ ಅಲ್ಲಿಗೇ ನಿಂತಿತು.

ಹೊಂಡ ನೋಡಿಕೊಳ್ಳುವ ಯೂಸ್ಟ್ ಅಜ್ಜ ಅಷ್ಟು ಹೊತ್ತೂ ತಂಬಾಕಿನ ಪೈಪು ಸೇದುತ್ತಾ ಕೂತಿದ್ದ. ಹೊಂಡ ಎಂದರೆ ಅವನಿಗೆ ಸ್ವಂತ ಮಗಳಿದ್ದ ಹಾಗೆ. "ಏನೂ ಮಾಡಬೇಡಿ," ಎಂದ. "ಇರೋ ನೀರನ್ನ ಹೊರಗೆ ಹಾಕಿ, ಬರದೇ ಇರೋ ನೀರಿಗೆ ಕಾಯ್ತೀರಾ? ತಲೆ ಕೆಟ್ಟಿದೆಯೇನ್ರೋ."

ಅಜ್ಜನ ಮಾತಿಗೆ ಎಲ್ಲರೂ ಗೌರವದಿಂದ ತಲೆಯಾಡಿಸಿದರು. ಆಮೇಲೆ ಆಲ್ಬಿನ್ ಹೊಂಡಕ್ಕೆ ತೂತು ಕೊರೆಯುವುದೇ ಸರಿ ಎಂದು ತೀರ್ಮಾನ ಮಾಡಿದ. ಹೊಂಡದಲ್ಲಿ ನೀರು ನಿಲ್ಲುವುದು ತಳದ ಜೇಡಿಯಿಂದ. ಜೇಡಿಯನ್ನು ಒಂದು ಕಡೆ ಎಬ್ಬಿಸಿದರೆ ಕೆಳಗೆ ಬರೀ ಬಿರುಕು ಬಿಟ್ಟ ಕಲ್ಲು. ಮಿಕ್ಕ ಕೆಲಸ ನೆಲವೇ ಮಾಡಿಕೊಳ್ಳುತ್ತದೆ.

"ನೀರು ಎಲ್ಲಿಗೆ ಹೋಗತ್ತೆ?" ಎಂದು ಲುದ್ವಿಕ್ ಕೇಳಿದ.

"ಎಲ್ಲಿಗೆ ಅಂದ್ರೆ? ತಿಮಾವಕ್ಕೆ," ಎಂದ ಆಲ್ಬಿನ್. ನಮ್ಮಲ್ಲಿ ನೆಲದಡಿ ಹರಿಯುವ ಆ ನದಿಯನ್ನು ಯಾರೂ ಕಂಡಿಲ್ಲ, ಎಲ್ಲರೂ ನಂಬುತ್ತಾರೆ. ಕಳೆದುಹೋದ ಕುರಿ, ಬಿದ್ದುಹೋದ ಚಾಕು, ಚೆಲ್ಲಿಹೋದ ನೀರು, ಎಲ್ಲವೂ ತಿಮಾವ ಸೇರಿ, ಗಡಿಯಾಚೆ ಇಟಲಿಯಲ್ಲಿ ಸಮುದ್ರದ ಬಳಿ ಮೇಲೆದ್ದು ಬರುತ್ತವೆ ಎಂಬುದು ಊರಿನ ಅಭಿಪ್ರಾಯ.

"ಅಂದ್ರೆ ನಮ್ಮ ದನದ ನೀರು ಇಟಲಿಯವರಿಗೆ."

"ಕುಡೀಲಿ ಬಿಡು."

ಮರುದಿನ ಬೆಳಗಿನ ಜಾವ ಆಲ್ಬಿನ್ ಪ್ಯಾಂಟು ಮಡಚಿ ಹೊಂಡಕ್ಕಿಳಿದು, ಊರ ಕಡೆಯ ಅಂಚಿನಲ್ಲಿ ಗುದ್ದಲಿಯಿಂದ ನಾಲ್ಕು ಏಟು ಹಾಕಿದ. ಮೊದಲು ಒಂದೆರಡು ಗುಳ್ಳೆ ಬಂದವು. ಆಮೇಲೆ ಹೊಂಡ ಸೂಪು ಹೀರುವ ಮುದುಕನಂತೆ ಸದ್ದು ಮಾಡತೊಡಗಿತು. ಸಂಜೆಯಾಗುವುದರೊಳಗೆ ಬರೀ ಕೆಸರು ಉಳಿಯಿತು. ಯೂಸ್ಟ್ ಅಜ್ಜ ಟೋಪಿ ತೆಗೆದು, ಯಾರ ಮುಖವನ್ನೂ ನೋಡದೆ ಮನೆಗೆ ಹೋದ.

ಗುರುವಾರ ತಂಡ ಬಂತು. ಜಿಲ್ಲೆಯ ಕಾಮ್ರೇಡ್ ಒಬ್ಬ, ಬೊಕ್ಕತಲೆ, ಬೆವರುವ ಮನುಷ್ಯ. ಜೊತೆಗೆ ಮೊಹೊರಿಚ್ ಎಂಬ ಇಂಜಿನಿಯರ್, ಸಣಕಲು ಆಳು, ಮೂಗು ಬಿಸಿಲಿಗೆ ಸುಲಿದಿತ್ತು. ಆಲ್ಬಿನ್ ಅವರನ್ನು ಒಣ ಹೊಂಡದ ದಂಡೆಯ ಮೇಲೆ ನಿಲ್ಲಿಸಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡಿದ.

"ನೋಡಿ ಕಾಮ್ರೇಡ್. ದನಗಳು ಬಂದು ನಿಂತ್ಕೊಂಡು ಹಾಗೇ ವಾಪಸ್ ಹೋಗ್ತವೆ."

"ಅಯ್ಯೋ ಪಾಪ," ಎಂದು ಕಾಮ್ರೇಡ್ ಬರೆದುಕೊಂಡ.

ಇಂಜಿನಿಯರ್ ಏನೂ ಬರೆದುಕೊಳ್ಳಲಿಲ್ಲ. ಬಗ್ಗಿ ಕೆಂಪು ಮಣ್ಣನ್ನು ಚಿವುಟಿ, ಬೆರಳಲ್ಲಿ ಉಜ್ಜಿ, "ಇಲ್ಲಿ ಕಪ್ಪೆಗಳು ಜಾಸ್ತಿ ಅಲ್ವಾ?" ಎಂದ.

ಅದು ನಿಜ. ಮನೆ ಕಳೆದುಕೊಂಡ ಕಪ್ಪೆಗಳು ಊರೆಲ್ಲ ತುಂಬಿದ್ದವು. ಚರ್ಚಿನ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದವು, ಒಂದು ಕಪ್ಪೆ ತಂಡದ ಕಾರಿನ ಚಕ್ರಕ್ಕೆ ಒರಗಿಕೊಂಡಿತ್ತು.

"ಅವು ನಮ್ಮವಲ್ಲ," ಎಂದ ಆಲ್ಬಿನ್. "ಗ್ರಾಬ್ನೊದವು. ಅಲ್ಲಿ ನೀರು ಜಾಸ್ತಿ."

ಲುದ್ವಿಕ್ ಕೆಮ್ಮುತ್ತಾ ಬೇರೆ ಕಡೆ ತಿರುಗಿದ.

ಅಧ್ಯಕ್ಷನ ಮನೆಯಲ್ಲೇ ಊಟ. ಹೊರಗೆ ಸುಡುವ ಬಿಸಿಲು, ಹಾಗಾಗಿ ಆಲ್ಬಿನ್ ಅತಿಥಿಗಳನ್ನು ನೆಲಮಾಳಿಗೆಗೆ ಕರೆದೊಯ್ದ. ಅವನ ಅಜ್ಜ ಮನೆಯ ಹಿಂದಿನ ಇಳಿಜಾರಿನ ಬಂಡೆಯನ್ನೇ ಕಡಿದು ಮಾಡಿದ ಮಾಳಿಗೆ ಅದು. ವೈನಿನ ಪೀಪಾಯಿಗಳು, ತೊಲೆಗೆ ತೂಗುಹಾಕಿದ ಒಣಗಿಸಿದ ಹಂದಿತೊಡೆ, ತಣ್ಣನೆಯ ಗೋಡೆ. ಲುದ್ವಿಕ್ ಹಂದಿತೊಡೆಯನ್ನು ಕಾಗದದಷ್ಟು ತೆಳ್ಳಗೆ ಹೆರೆದು ಹೆರೆದು ತಟ್ಟೆಗೆ ಹಾಕಿದ. ಆಲ್ಬಿನ್ ಕಪ್ಪಗಿನ ತೆರಾನ್ ವೈನು ಸುರಿದ. ಎರಡನೆಯ ಲೋಟ ಮುಗಿಯುವಾಗ ಕಾಮ್ರೇಡ್, "ನನಗಂತೂ ಇದು ತೀರಾ ಒಣ ಊರು ಅಂತ ಕಾಣ್ತಿದೆ," ಎಂದುಬಿಟ್ಟ. ಆಲ್ಬಿನ್ ಮನಸ್ಸಿನಲ್ಲಿ ಪೈಪು ಆಗಲೇ ಅಂಗಳ ಹಾದು ಅಡುಗೆಮನೆಗೆ ಬಂದಿತ್ತು.

ಆಗ ಒಂದು ಹನಿ ತಟ್ಟೆಗೆ ಬಿತ್ತು.

ಯಾರೂ ಗಮನಿಸಲಿಲ್ಲ, ಆಲ್ಬಿನ್ ಒಬ್ಬನನ್ನು ಬಿಟ್ಟು. ಅವನು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದ. ಎರಡನೆಯ ಹನಿ ಕಾಮ್ರೇಡ್‌ನ ಬೊಕ್ಕತಲೆಯ ನಟ್ಟನಡುವೆ ಬಿತ್ತು. ಅವನು ತಲೆ ಸವರಿಕೊಂಡು ಕೈ ನೋಡಿದ.

"ಬೆವರು," ಎಂದ ಆಲ್ಬಿನ್.

"ಇಷ್ಟು ತಣ್ಣಗೆ?"

"ನಮ್ಮೂರಲ್ಲಿ ಹಾಗೇ."

ಹಿಂದಿನ ಗೋಡೆ ಕಪ್ಪಾಗತೊಡಗಿತು. ಬಂಡೆಯ ಒಂದು ಸೀಳಿನಿಂದ ಕೆಂಪು ಮಣ್ಣಿನ ಉಂಡೆಯೊಂದು ಉದುರಿತು, ಅದರ ಹಿಂದೆಯೇ ದಾರದಷ್ಟು ನೀರು, ಆಮೇಲೆ ಬೆರಳಷ್ಟು. ಅದು ಗೋಡೆ ಬಿಟ್ಟು ಜಿಗಿದು, ನೆಲದ ಮೇಲೆ ಸದ್ದು ಮಾಡುತ್ತಾ ಕಾಮ್ರೇಡ್‌ನ ಬೂಟಿನ ಕಡೆ ಹರಿಯಿತು. ತಿಳಿಯಾದ, ತಣ್ಣನೆಯ, ನಾಚಿಕೆಯಿಲ್ಲದ ನೀರು.

ಅದೇ ಹೊತ್ತಿಗೆ ಪಾವ್ಲಾ ರೊಟ್ಟಿಯ ಬುಟ್ಟಿ ಹಿಡಿದು ಮೆಟ್ಟಿಲಿಳಿದು ಬಂದಳು. ಸದ್ದು ಕೇಳಿ ಅಲ್ಲೇ ನಿಂತಳು. ಬುಟ್ಟಿಯನ್ನು ಪೀಪಾಯಿಯ ಮೇಲಿಟ್ಟು, ಯಾರ ಕಡೆಯೂ ನೋಡದೆ ಗೋಡೆಯ ಬಳಿ ಹೋಗಿ, ಎರಡೂ ಕೈಯನ್ನು ನೀರಿಗೆ ಒಡ್ಡಿದಳು. ಮುಖಕ್ಕೆ ಎರಚಿಕೊಂಡಳು. ನಕ್ಕಳು. ಅವಳು ಆ ರೀತಿ ನಕ್ಕಿದ್ದನ್ನು ಆಲ್ಬಿನ್ ಕಂಡಿದ್ದು ಅವಳ ತವರಿನ ಹಿತ್ತಿಲಲ್ಲಿ. ಪೈಪು ಕೈತಪ್ಪಿ ಹೋಗುತ್ತಿದೆ ಎಂದು ಅಳಬೇಕೋ, ಇವಳು ನಗುತ್ತಿದ್ದಾಳೆ ಎಂದು ನಗಬೇಕೋ ತಿಳಿಯದೆ ಅವನು ಲೋಟ ಹಿಡಿದು ನಿಂತ.

"ಮನೆಯೊಳಗೇ ನೀರಿನ ಊಟೆ ಇಟ್ಕೊಂಡು ಪೈಪು ಕೇಳ್ತೀರಾ?" ಎಂದ ಕಾಮ್ರೇಡ್, ಕಾಲು ಮೇಲೆತ್ತಿಕೊಂಡು.

ಇಂಜಿನಿಯರ್ ಎದ್ದು, ಬೊಗಸೆಯಲ್ಲಿ ನೀರು ಹಿಡಿದು ರುಚಿ ನೋಡಿದ. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದ. "ಈ ಊಟೆ ಹುಲ್ಲು ಮೇಯುತ್ತೆ," ಎಂದ.

"ಏನಂದ್ರಿ?"

"ದನದ ವಾಸನೆ. ಆಲ್ಬಿನ್ ಅವರೇ, ಹೊಂಡಕ್ಕೆ ಯಾವತ್ತು ತೂತು ಹಾಕಿದ್ರಿ?"

ಲುದ್ವಿಕ್ ಹಂದಿತೊಡೆಯನ್ನು ಇನ್ನಷ್ಟು ತೆಳ್ಳಗೆ ಹೆರೆಯತೊಡಗಿದ.

"ಸೀದಾ ತಿಮಾವಕ್ಕೆ ಹೋಗುತ್ತೆ ಅಂದ್ಕೊಂಡ್ರಿ ಅಲ್ವಾ?" ಇಂಜಿನಿಯರ್‌ಗೆ ಕೋಪವಿರಲಿಲ್ಲ, ಬದಲಿಗೆ ಖುಷಿಯಾದಂತಿತ್ತು. ರೊಟ್ಟಿಯ ತುಂಡೊಂದನ್ನು ಎತ್ತಿಕೊಂಡು ತೋರಿಸಿದ. "ಎಲ್ಲರೂ ಹಾಗೇ ಅಂದ್ಕೋತಾರೆ. ಆದ್ರೆ ಮೇಲಿನ ಕಲ್ಲು ಮಳೆ ತಿಂದು ತಿಂದು ಕೊಳೆತಿರುತ್ತೆ, ಈ ರೊಟ್ಟಿ ಥರ, ಬರೀ ತೂತು, ಬರೀ ಸೀಳು. ಸೀಳಲ್ಲೆಲ್ಲ ಕೆಂಪು ಮಣ್ಣು. ಅದರ ಕೆಳಗಿನ ಕಲ್ಲು ಗಟ್ಟಿ, ಬಿರುಕು ಕಡಿಮೆ. ಮೇಲೆ ನೀರು ಬೇಗ ನುಗ್ಗುತ್ತೆ, ಕೆಳಗೆ ಬೇಗ ಇಳಿಯೋಕಾಗಲ್ಲ. ಮಧ್ಯದಲ್ಲೇ ನಿಂತ್ಕೊಳ್ಳುತ್ತೆ. ಮೊದಲು ಮಣ್ಣು ತಾನು ಹೊಟ್ಟೆ ತುಂಬ ಕುಡಿಯುತ್ತೆ, ಮಿಕ್ಕಿದ್ದನ್ನ ಮುಂದಕ್ಕೆ ಬಿಡುತ್ತೆ."

"ನಮ್ಮ ಜಿಲ್ಲಾ ಕಚೇರಿ ಥರ," ಎಂದ ಲುದ್ವಿಕ್. ಕಾಮ್ರೇಡ್ ಅವನ ಕಡೆ ನೋಡಿದ ಮೇಲೆ ಮತ್ತೆ ಹಂದಿತೊಡೆಗೆ ಬಗ್ಗಿದ.

"ಆಮೇಲೆ ನಿಂತ ನೀರು ಪಕ್ಕಕ್ಕೆ ಜಾರುತ್ತೆ, ಇಳಿಜಾರು ಇರೋ ಕಡೆ. ದಾರೀಲಿ ಯಾರಾದ್ರೂ ಬಂಡೆ ಕಡಿದು ಮಾಳಿಗೆ ಮಾಡಿದ್ರೆ, ಅಲ್ಲಿ ಬಂದು ಕೂರುತ್ತೆ. ನೀವು ಕಷ್ಟಪಟ್ಟು ಊರಿನ ನೀರನ್ನೆಲ್ಲ ನಿಮ್ಮ ಮನೆಗೇ ತಂದ್ಕೊಂಡಿದ್ದೀರಿ."

ಕಾಮ್ರೇಡ್‌ಗೆ ಈ ರೊಟ್ಟಿ, ಮಣ್ಣು ಯಾವುದೂ ಬೇಡವಾಗಿತ್ತು. ಊರಿನವರು ತಮ್ಮ ಹೊಂಡವನ್ನು ತಾವೇ ಹಾಳು ಮಾಡಿದರು ಎಂದು ಬರೆದರೆ ವಿಚಾರಣೆ, ಸಾಕ್ಷಿ, ಬಿಸಿಲಲ್ಲಿ ಮತ್ತೆ ಓಡಾಟ. ಸುಹಿದೋಲ್‌ನಲ್ಲಿ ಒಳ್ಳೆಯ ಊಟೆ ಇದೆ ಎಂದು ಬರೆದರೆ ಒಂದೇ ಸಾಲು. ಅವನು ಒಂದೇ ಸಾಲು ಬರೆದ. ಪೈಪು ಗ್ರಾಬ್ನೊಗೆ ಹೋಯಿತು.

ಊರಿನವರು ಆಲ್ಬಿನ್‌ನನ್ನು ಹೊಡೆಯಲಿಲ್ಲ, ಅದೇ ದೊಡ್ಡದು. ಅಧ್ಯಕ್ಷಗಿರಿ ಕಿತ್ತುಕೊಂಡರು. ತಗ್ಗಿನಿಂದ ಜೇಡಿಮಣ್ಣು ಅಗೆದು ತರುವ ಕೆಲಸ ಅವನಿಗೇ ಕೊಟ್ಟರು. ಒಂದು ಭಾನುವಾರ ಊರಿನ ದನಗಳನ್ನೂ ಜನರನ್ನೂ ಹೊಂಡಕ್ಕಿಳಿಸಿ, ಯೂಸ್ಟ್ ಅಜ್ಜ ದಂಡೆಯಲ್ಲಿ ನಿಂತು ಎಲ್ಲರಿಂದಲೂ ಮಣ್ಣು ತುಳಿಸಿದ. "ಆಲ್ಬಿನ್, ಆ ಮೂಲೆ. ಹಸು ನಿನಗಿಂತ ಚೆನ್ನಾಗಿ ತುಳೀತಿದೆ ನೋಡು," ಎನ್ನುತ್ತಿದ್ದ. ಹೊಂಡದ ತೂತು ಮುಚ್ಚಿತು. ಎರಡು ಗುಡುಗುಮಳೆ ಬಂದು ತಳ ಒದ್ದೆಯಾಯಿತು, ಕಪ್ಪೆಗಳು ಮನೆಗೆ ಮರಳಿದವು. ಅಜ್ಜ ನಾಯಿಯೊಂದನ್ನು ತಂದು ದಂಡೆಯಲ್ಲಿ ಕಟ್ಟಿದ. ನಾಯಿ ಬೇರೆ ಯಾರನ್ನು ಕಂಡರೂ ಬಾಲ ಅಲ್ಲಾಡಿಸುತ್ತಿತ್ತು, ಆಲ್ಬಿನ್‌ನನ್ನು ಕಂಡರೆ ಬೊಗಳುತ್ತಿತ್ತು.

ಹುಲ್ಲು ಕೊಯ್ಲು ಮುಗಿಯಿತು. ಪಾವ್ಲಾ ಹೋಗಲಿಲ್ಲ.

ಆಲ್ಬಿನ್ ಕೇಳುವ ಧೈರ್ಯ ಮಾಡಲಿಲ್ಲ, ಕೇಳಿ ನೆನಪಿಸಿದಂತಾದೀತು ಎಂದು. ಅವಳು ನೆಲಮಾಳಿಗೆಯ ಗೋಡೆಯ ಬುಡದಲ್ಲಿ ಕಲ್ಲಿನ ಮರಿಗೆಯೊಂದನ್ನು ಇಟ್ಟಿದ್ದಳು. ದಿನವೂ ಬೆಳಗ್ಗೆ ಹೋಗಿ ಹೂಜಿ ತುಂಬಿಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ಕೂತು ಬರುತ್ತಿದ್ದಳು. ಒಂದು ದಿನ ಲುದ್ವಿಕ್‌ನ ಹೆಂಡತಿ ಬೇಲಿಯಾಚೆಯಿಂದ, "ಯಾವಾಗ ಹೊರಡೋದು ನೀನು?" ಎಂದು ಕೇಳಿದಾಗ ಪಾವ್ಲಾ ಹೇಳಿದ್ದು ಆಲ್ಬಿನ್ ಕಿವಿಗೆ ಬಿತ್ತು.

"ನೀರು ಹರಿಯೋ ಸದ್ದು ಕೇಳ್ತಾ ಇದೆಯಲ್ಲೇ. ಅದು ನಿಲ್ಲಲಿ, ಆಮೇಲೆ ನೋಡೋಣ."

ಅವನ ಎದೆ ಹಗುರವಾಯಿತು. ಮರುಕ್ಷಣವೇ ಕಲ್ಲಾಯಿತು. ಹೊಂಡದ ತೂತನ್ನು ಅವನೇ ತನ್ನ ಕೈಯಾರೆ, ಕಾಲಾರೆ ಮುಚ್ಚಿದ್ದ. ಬಂಡೆಯಲ್ಲಿ ಉಳಿದಿರುವ ನೀರು ಮುಗಿದರೆ ಅವನ ಸಂಸಾರವೂ ಮುಗಿಯಿತು.

ಜುಲೈ ನಡುವಿಗೆ ಬೆರಳಷ್ಟಿದ್ದ ನೀರು ದಾರವಾಯಿತು, ದಾರ ಹನಿಯಾಯಿತು. ಆಲ್ಬಿನ್ ಹಗಲೆಲ್ಲ ಕೆಲಸ ಬಿಟ್ಟು ಮಾಳಿಗೆಯಲ್ಲಿ ಕೂತು ಹನಿ ಕಾಯುವಂತಾದ. ಒಂದು ಹನಿ ಸೀಳಿನ ತುದಿಯಲ್ಲಿ ಊದಿಕೊಂಡು, ಬೀಳಲೋ ಬೇಡವೋ ಎಂದು ಯೋಚಿಸುತ್ತಾ ತೂಗುತ್ತಿತ್ತು. "ಬೀಳೇ," ಎಂದು ಅವನು ಗೋಗರೆಯುತ್ತಿದ್ದ. ಮತ್ತೆ ಹೊಂಡಕ್ಕೆ ಗುದ್ದಲಿ ಹಾಕೋಣವೆಂದರೆ ನಾಯಿ. ಹಾಗಾದರೆ ಬಂಡೆಗೆ ನೀರು ಕುಡಿಸುವುದು ಹೇಗೆ?

ಮಂಗಳವಾರ ಮತ್ತು ಶುಕ್ರವಾರ ಪಾವ್ಲಾ ಬೆಳಗಿನ ಬಸ್ಸಿಗೆ ಗಡಿ ದಾಟಿ ತ್ರಿಯೆಸ್ತೆಯ ಮಾರುಕಟ್ಟೆಗೆ ಮೊಟ್ಟೆ ಮಾರಲು ಹೋಗುತ್ತಿದ್ದಳು. ಒಂದು ಮಂಗಳವಾರ ಅವಳು ಹೋದ ಕೂಡಲೇ ಆಲ್ಬಿನ್ ಅಟ್ಟದಿಂದ ದ್ರಾಕ್ಷಿ ಹೊರುವ ಬೆನ್ನುಪೀಪಾಯಿಯನ್ನು ಇಳಿಸಿದ. ಅದು ಗಂಡಸರು ಹೊರುವ ಸಾಮಾನು, ಅದರೊಳಗೆ ಏನಿದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಅಂಗಳದ ತೊಟ್ಟಿಯಿಂದ ನೀರು ಸೇದಿ ಅದಕ್ಕೆ ತುಂಬಿ, ಬೆನ್ನಿಗೇರಿಸಿ, ಮನೆಯ ಹಿಂದಿನ ಇಳಿಜಾರು ಹತ್ತಿ, ನೆಲಮಾಳಿಗೆಯ ಮೇಲುಗಡೆ ಮುಳ್ಳುಪೊದೆಯ ನಡುವಿನ ಸೀಳಿಗೆ ಸುರಿದ. ನೆಲ ಗುಟುಕ್ ಎಂದಿತು. ಓಡಿ ಇಳಿದು ಮಾಳಿಗೆಗೆ ಹೋಗಿ ನೋಡಿದ. ಏನೂ ಇಲ್ಲ. ಮತ್ತೆ ತುಂಬಿದ, ಮತ್ತೆ ಸುರಿದ, ಮತ್ತೆ ಓಡಿದ. ಹನಿ ಅದೇ ಸೀಳಿನ ತುದಿಯಲ್ಲಿ ಅದೇ ಯೋಚನೆಯಲ್ಲಿತ್ತು.

"ಮೊದಲು ಮಣ್ಣು ತಾನು ಹೊಟ್ಟೆ ತುಂಬ ಕುಡಿಯುತ್ತೆ," ಎಂಬ ಇಂಜಿನಿಯರ್‌ನ ಮಾತು ಆಗ ಅವನಿಗೆ ನೆನಪಾಯಿತು. ಬಿಸಿಲಿಗೆ ಒಣಗಿದ್ದ ಕೆಂಪು ಮಣ್ಣು ಕೊಟ್ಟಷ್ಟನ್ನೂ ಕುಡಿದು ಬಾಯಿ ಒರೆಸಿಕೊಳ್ಳುತ್ತಿತ್ತು. "ನಿನ್ನ ಹೊಟ್ಟೆಗೆ ತಳ ಇದೆಯೋ ಇಲ್ವೋ?" ಎಂದು ಅವನು ಸೀಳಿಗೆ ಬಾಯಿಟ್ಟು ಬೈದ.

ತಲೆಯೆತ್ತಿದರೆ ಬೇಲಿಯಾಚೆ ಲುದ್ವಿಕ್.

"ಜುಲೈನಲ್ಲೇ ದ್ರಾಕ್ಷಿ ಕೊಯ್ಲಾ?"

"ಪೀಪಾಯಿ ತೊಳೀತಿದ್ದೀನಿ."

"ಮುಳ್ಳುಪೊದೆಯಲ್ಲಾ?"

"ಗಾಳಿ ಚೆನ್ನಾಗಿದೆ ಇಲ್ಲಿ."

"ಮಣ್ಣಿನ ಹತ್ರ ಏನೋ ಮಾತಾಡ್ತಿದ್ದೆ."

"ನಿನ್ನ ಹತ್ರ ಮಾತಾಡೋದಕ್ಕಿಂತ ವಾಸಿ," ಎಂದು ಆಲ್ಬಿನ್ ಪೀಪಾಯಿ ಹೊತ್ತು ಇಳಿದ.

ಶುಕ್ರವಾರ ಮತ್ತೆ ಹೊತ್ತ. ಹೆಗಲು ಸುಲಿಯಿತು, ಮೊಣಕಾಲು ಕಿರುಗುಟ್ಟಿತು. ಸಂಜೆ ಪಾವ್ಲಾ ಬಸ್ಸಿಳಿದು ಬಂದಾಗಲೂ ಮಾಳಿಗೆ ಮೂಕವಾಗಿತ್ತು. ಅವನು ಸೋತು ಮಲಗಿದ. ಶನಿವಾರ ಬೆಳಗ್ಗೆ ಪಾವ್ಲಾ ಹೂಜಿ ಹಿಡಿದು ಮಾಳಿಗೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಅವನು ಹೆದರಿ ಬಾಗಿಲಿಗೆ ಹೋಗಿ ಕಿವಿಗೊಟ್ಟ. ನೀರು ಹರಿಯುತ್ತಿತ್ತು. ದಾರವಲ್ಲ, ಬೆರಳು. ಅವನಿಗೆ ಕುಣಿಯಬೇಕೆನಿಸಿತು, ಸೊಂಟ ಬಿಡಲಿಲ್ಲ.

ಪಾವ್ಲಾ ಹೂಜಿಯ ನೀರನ್ನು ಒಂದು ಗುಟುಕು ಕುಡಿದು, ಅವನ ಮುಖವನ್ನೇ ನೋಡಿದಳು. "ಬಂಡೆಗೆ ಬುದ್ಧಿ ಬಂದಿದೆ," ಎಂದು ಅಡುಗೆಮನೆಗೆ ಹೋದಳು.

ಆಮೇಲೆ ಆಲ್ಬಿನ್ ಆ ಇಳಿಜಾರಿನ ಗುಟ್ಟನ್ನೆಲ್ಲ ಕಲಿತುಬಿಟ್ಟ. ಮಳೆ ಬಿದ್ದ ವಾರ ಸ್ವಲ್ಪ ಸುರಿದರೂ ಸಾಕು, ಒಳಗಿನ ಹಳೆಯ ನೀರು ಮುಂದಕ್ಕೆ ತಳ್ಳಿಸಿಕೊಂಡು ಬರುತ್ತದೆ. ಒಣಗಾಳಿ ಬೀಸಿದ ವಾರ ಎಷ್ಟು ಸುರಿದರೂ ನೆಲದ ಪಾಲು. ಹೊಲತೋಟದ ಕೆಲಸದಲ್ಲಿ ಅವನಿಗೆ ಇಷ್ಟು ಶ್ರದ್ಧೆ ಎಂದೂ ಇರಲಿಲ್ಲ. ಒಂದನ್ನು ಮಾತ್ರ ಅವನು ಯೋಚಿಸಿರಲಿಲ್ಲ. ಬಂಡೆಗೆ ಹೋಗುವ ನೀರು ಎಲ್ಲಿಂದಲೋ ಬರಬೇಕಷ್ಟೆ.

ಆಗಸ್ಟಿನ ಒಂದು ಮಂಗಳವಾರ ಅವನು ತೊಟ್ಟಿಗೆ ಬಕೆಟ್ಟು ಬಿಟ್ಟರೆ ಡಬ್ ಎಂದು ಕಲ್ಲಿಗೆ ಬಡಿಯಿತು. ತಳದಲ್ಲಿ ಕೆಸರು. ಅರ್ಧ ತುಂಬಿದ ಪೀಪಾಯಿಯನ್ನು ಬೆನ್ನಿಗೆ ಕಟ್ಟಿಕೊಂಡು, ಬಗ್ಗಿ ತೊಟ್ಟಿಯೊಳಗೆ ನೋಡುತ್ತಿದ್ದ.

"ಇನ್ನೂ ಇದೆಯಾ?" ಎಂದಿತು ಹಿಂದಿನಿಂದ ಪಾವ್ಲಾಳ ದನಿ.

ಅವನು ಗಾಬರಿಯಿಂದ ತಿರುಗಿದ ರಭಸಕ್ಕೆ ಪೀಪಾಯಿಯ ನೀರು ಅವನ ಕತ್ತಿನೊಳಗೇ ಇಳಿಯಿತು. ಪಾವ್ಲಾ ಖಾಲಿ ಮೊಟ್ಟೆಬುಟ್ಟಿ ಹಿಡಿದು ಅಂಗಳದ ಬಾಗಿಲಲ್ಲಿ ನಿಂತಿದ್ದಳು. ಬೇಕರಿಯವನೊಬ್ಬ ಎಲ್ಲ ಮೊಟ್ಟೆಯನ್ನೂ ಒಟ್ಟಿಗೇ ಕೊಂಡಿದ್ದ, ಅವಳು ಮಧ್ಯಾಹ್ನದ ಬಸ್ಸಿಗೇ ಬಂದಿದ್ದಳು.

"ಪೀಪಾಯಿ ತೊಳೀತಿದ್ದೆ," ಎಂದ ಆಲ್ಬಿನ್.

"ಆಲ್ಬಿನ್. ಹದಿನೆಂಟು ವರ್ಷ ಆ ತೊಟ್ಟಿ ನೀರು ಕುಡಿದಿದ್ದೀನಿ. ನಮ್ಮ ಚಾವಣಿ ಕಲ್ಲಿನ ರುಚಿ ನನ್ನ ನಾಲಿಗೆಗೆ ಗೊತ್ತಾಗಲ್ವಾ? ಮೊದಲನೇ ದಿನಾನೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ಬುಟ್ಟಿಯನ್ನು ಕೆಳಗಿಟ್ಟಳು. "ನೀನು ನೀರು ಹೊರ್ತಿದ್ದೆ ಮಾರಾಯ. ನಾನು ಯಾಕೆ ನಿಲ್ಲಿಸ್ಲಿ?"

ಆಲ್ಬಿನ್ ಪೀಪಾಯಿಯನ್ನು ಕೆಳಗಿಳಿಸಿದ. ಅಂಗಿ ಬೆನ್ನಿಗೆ ಅಂಟಿತ್ತು. ಏನಾದರೂ ಹೇಳಲೇಬೇಕು ಎನಿಸಿ, "ಸದ್ದು ನಿಂತ್ರೆ ನೀನು ಹೋಗ್ಬಿಡ್ತೀಯ ಅಂತ ಭಯ ಆಯ್ತು," ಎಂದ. ಜೀವಮಾನದಲ್ಲಿ ಅವನು ಹೆಂಡತಿಗೆ ಹೇಳಿದ ಅತ್ಯಂತ ನಿಜವಾದ ಮಾತು ಅದೇ ಇರಬೇಕು.

"ಬಂಡೆಗೆ ಸುರಿದೆ. ಮಣ್ಣು ಕುಡಿದು, ಕಲ್ಲು ಕುಡಿದು, ಅವು ಬಿಟ್ಟಿದ್ದು ನನಗೆ," ಎಂದಳು ಪಾವ್ಲಾ. "ಹೊತ್ತಿದ್ದನ್ನ ಸೀದಾ ಅಡುಗೆಮನೆಗೆ ತಂದಿದ್ರೆ ಪೂರ್ತಿ ನನಗೇ ಸಿಕ್ತಿತ್ತು. ಪೈಪು ತರ್ತೀನಿ, ಪೈಪು ತರ್ತೀನಿ ಅಂದೆ. ನಾನು ಪೈಪು ಕೇಳಿದ್ದು ಯಾಕೆ? ನನ್ನ ಕತ್ತು ನೋಯ್ತಿತ್ತು ಅದಕ್ಕೆ."

"ಜನ ನೋಡ್ತಾರಲ್ಲ, ಪಾವ್ಲಾ."

"ನೋಡ್ತಾರೆ," ಎಂದು ಅವಳು ಒಪ್ಪಿಕೊಂಡಳು. ಒಳಗೆ ಹೋಗಿ ಮರದ ಬಾನಿಯನ್ನೂ ಸಿಂಬೆಯನ್ನೂ ತಂದು ತೊಟ್ಟಿಯ ಕಟ್ಟೆಯ ಮೇಲಿಟ್ಟಳು. "ತೊಟ್ಟಿ ಖಾಲಿ ಮಾಡಿದ್ದು ನೀನು. ರಾತ್ರಿ ಅಡುಗೆಗೆ ನೀರಿಲ್ಲ. ಇನ್ನು ಚರ್ಚಿನ ತೊಟ್ಟಿಯೇ ಗತಿ." ಬಸ್ಸು ನಿಲ್ಲುವ ಕಡೆ ಒಮ್ಮೆ ನೋಡಿ ಮೆಲ್ಲಗೆ, ಹಿಟ್ಟು ನಾದುವಾಗಿನ ಅದೇ ದನಿಯಲ್ಲಿ ಹೇಳಿದಳು. "ವಿಪಾವಾ ಬಸ್ಸು ನಾಲ್ಕಕ್ಕೆ."

ಬೆನ್ನುಪೀಪಾಯಿಯಾದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾನಿ ಹಾಗಲ್ಲ, ತಲೆಯ ಮೇಲೆ ಇರುತ್ತದೆ, ಊರಿಗೆಲ್ಲ ಕಾಣುತ್ತದೆ. ಚರ್ಚಿನ ತೊಟ್ಟಿಗೂ ಮನೆಗೂ ನಡುವೆ ಲಿಂಡನ್ ಮರ, ಅದರ ಕೆಳಗೆ ಊರಿನ ಗಂಡಸರೆಲ್ಲ. ಆಲ್ಬಿನ್ ಸಿಂಬೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಅದರ ನಡುವೆ ಅವಳ ಒಂದು ಉದ್ದ ಕೂದಲು ಸಿಕ್ಕಿಕೊಂಡಿತ್ತು. ಅವನು ಬಾನಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ಹೋಗುವಾಗ ಯಾರೂ ಏನೂ ಅನ್ನಲಿಲ್ಲ, ರಿಪೇರಿಗೆ ಒಯ್ಯುತ್ತಿದ್ದಾನೆ ಅಂದುಕೊಂಡ ಹಾಗಿತ್ತು. ತೊಟ್ಟಿಯ ಬಳಿಯಿದ್ದ ಹೆಂಗಸರು ಸರಿದು ದಾರಿ ಬಿಟ್ಟರು. ಸಿಂಬೆಯನ್ನು ಎಲ್ಲಿ ಇಡಬೇಕೆಂದು ಲುದ್ವಿಕ್‌ನ ಹೆಂಡತಿ ತೋರಿಸಿಕೊಟ್ಟಳು. ತುಂಬಿದ ಬಾನಿಯನ್ನು ಇಬ್ಬರು ಹಿಡಿದು ಅವನ ತಲೆಗೇರಿಸಿದರು. ಕತ್ತು ಎದೆಯೊಳಕ್ಕೆ ಇಳಿದುಹೋಯಿತು ಎನಿಸಿತು ಅವನಿಗೆ. ಇದನ್ನು ಹೊತ್ತುಕೊಂಡು ಹೆಂಗಸರು ಮಾತಾಡುತ್ತಾ, ನಗುತ್ತಾ ಹೇಗೆ ನಡೆಯುತ್ತಾರೆ? ಅವನಿಗೆ ಉಸಿರಾಡುವುದೇ ದೊಡ್ಡ ಕೆಲಸವಾಗಿತ್ತು. ಹೆಜ್ಜೆಗೊಮ್ಮೆ ನೀರು ತುಳುಕಿ ಕಣ್ಣಿಗೆ, ಮೀಸೆಗೆ, ಅಂಗಿಗೆ ಸುರಿಯಿತು.

ಲಿಂಡನ್ ಮರದ ಕೆಳಗೆ ಮಾತು ನಿಂತಿತು. ಯೂಸ್ಟ್ ಅಜ್ಜ ಬಾಯಿಂದ ಪೈಪು ತೆಗೆದ. ಲುದ್ವಿಕ್ ಎದ್ದುನಿಂತ, ಇಂಥ ಅವಕಾಶ ಅವನ ಆಯುಷ್ಯದಲ್ಲಿ ಇನ್ನೊಮ್ಮೆ ಬರುವಂಥದಲ್ಲ.

"ಏನು ಆಲ್ಬಿನ್, ತೆರಾನಾ ಅದು?"

ಆಲ್ಬಿನ್ ನಿಂತ. ತಲೆ ತಿರುಗಿಸುವ ಹಾಗಿಲ್ಲ, ನೇರ ಮುಂದಕ್ಕೆ ನೋಡುತ್ತಲೇ ಹೇಳಿದ. "ನೀರು. ನನ್ನ ಹೆಂಡತಿಗೆ."

ಲುದ್ವಿಕ್ ಮೆಲ್ಲಗೆ ಮತ್ತೆ ಕೂತ. ಅವನ ಹೆಂಡತಿ ಹಿಂದಿನಿಂದ ತನ್ನ ಬಾನಿ ಹೊತ್ತು ಬರುತ್ತಿದ್ದವಳು, ಅವನ ಮುಂದೆ ನಿಂತು, ಅವನನ್ನೇ ನೋಡುತ್ತಿದ್ದಳು.

ಪಾವ್ಲಾ ಅಂಗಳದ ಬಾಗಿಲಲ್ಲಿ ಕಾಯುತ್ತಿದ್ದಳು. ನಾಲ್ಕರ ಬಸ್ಸು ಧೂಳೆಬ್ಬಿಸಿಕೊಂಡು ಹಾದುಹೋಯಿತು, ಅವಳು ಅತ್ತ ತಿರುಗಲಿಲ್ಲ. ಬಾನಿಯನ್ನು ಹಿಡಿದು ಇಳಿಸಿಕೊಂಡು ಒಳಗೆ ಇಣುಕಿದಳು. ಅರ್ಧಕ್ಕರ್ಧ ದಾರಿಯಲ್ಲೇ ಚೆಲ್ಲಿತ್ತು.

"ಇನ್ನೊಂದು ಸಲ ಹೋಗ್ಬೇಕು," ಎಂದಳು.

ಅವನು ಹೋದ.